ತಾಯಿಫ್‌ನ ಕಲ್ಲುಗಳು ಮತ್ತು ನಮ್ಮ ಪಾಠಶಾಲೆ

(ಮೈಸೂರಿನಲ್ಲಿ ಪೋಷಕರು ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಆಯ್ದ ಭಾಗ)



2025ರ ಫೆಬ್ರವರಿ 10ರ ರಾತ್ರಿ ನಮ್ಮ ಉದಯಗಿರಿ ಪೊಲೀಸ್ ಠಾಣೆಯ ಮೇಲೆ ಕಲ್ಲುಗಳು ಬಿದ್ದವು. ಸಾಮಾಜಿಕ ಜಾಲತಾಣದಲ್ಲಿ ಒಬ್ಬಾತ ಹರಿಯಬಿಟ್ಟ ಅವಹೇಳನಕಾರಿ ಬರಹವೇ ಅದಕ್ಕೆ ನೆಪ. ಆತನನ್ನು ಪೊಲೀಸರು ಆಗಲೇ ವಶಕ್ಕೆ ಪಡೆದಿದ್ದರು. ಆದರೂ ಗುಂಪು ಸೇರಿತು, ಪೊಲೀಸರು ಗಾಯಗೊಂಡರು, ಬಳಿಕ ನಮ್ಮ ಹುಡುಗರು ಜೈಲು ಸೇರಿದರು. ಧರ್ಮದ ಅಭಿಮಾನ ಎಂದರು. ತಾಯಿಫ್‌ನಲ್ಲಿ ಸ್ವತಃ ಕಲ್ಲೇಟು ತಿಂದ ಪ್ರವಾದಿವರ್ಯರು(ಸ) ಆ ಊರಿನ ನಾಶವನ್ನು ಬಯಸಲಿಲ್ಲ ಎಂಬುದನ್ನು ಇವರಿಗೆ ಯಾರೂ ಹೇಳಿರಲಿಲ್ಲವೇ? ಹೇಳಿದ್ದೆವು. ಪರೀಕ್ಷೆಗೆ ಬಾಯಿಪಾಠ ಮಾಡಿಸಿದ್ದೆವು. ಸುದ್ದಿ ಬಂದಾಗ ಮೊದಲು ಅದರ ಸತ್ಯಾಸತ್ಯತೆಯನ್ನು ಪರಿಶೀಲಿಸಿರಿ ಎಂಬ ಕುರ್‌ಆನಿನ ಆದೇಶ ಅಲ್‌ಹುಜುರಾತ್ ಅಧ್ಯಾಯದಲ್ಲಿದೆ. ನಮ್ಮ ಮಕ್ಕಳು ಅದನ್ನು ಸುಶ್ರಾವ್ಯವಾಗಿ ಓದಬಲ್ಲರು. ಅರ್ಥವನ್ನು ಮಾತ್ರ ಮೊಬೈಲಿನಿಂದ ಕಲಿಯುತ್ತಾರೆ.

ಇನ್ನು ಶಾಲೆಗಳ ಮಾತು. ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆ ಸಲ್ಲದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅದು ನಮಗೂ ರಕ್ಷಣೆಯೇ. ಆದರೆ ಧರ್ಮಬೋಧನೆ ಬೇರೆ, ಧರ್ಮಗಳ ಕುರಿತ ಅರಿವು ಬೇರೆ. 1964-66ರ ಕೊಠಾರಿ ಆಯೋಗವು ಈ ಭೇದವನ್ನು ಗುರುತಿಸಿ, ಪ್ರಮುಖ ಧರ್ಮಗಳ ಪರಿಚಯವನ್ನು ವಿದ್ಯಾರ್ಥಿಗಳಿಗೆ ನೀಡಬೇಕೆಂದಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅಂಥ ಅಧ್ಯಯನಕ್ಕೆ ಅಡ್ಡಿಯಿಲ್ಲವೆಂದಿತು. 2022ರಲ್ಲಿ ರಾಜ್ಯದ ಶಾಲೆಗಳಲ್ಲಿ ಭಗವದ್ಗೀತೆ ಕಲಿಸುವ ಮಾತು ಬಂದಾಗ ನಮ್ಮಲ್ಲಿ ಅನೇಕರು ವಿರೋಧಿಸಿದೆವು. ಒಂದೇ ಗ್ರಂಥವೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾದರೆ ಎಲ್ಲ ಧರ್ಮಗಳ ಪಾಠ ಹೇಗಿರಬೇಕೆಂದು ನಾವು ಒಂದು ಪುಟವನ್ನಾದರೂ ಬರೆದುಕೊಟ್ಟೆವೇ?

ಪಾಠವೊಂದರಿಂದಲೇ ಉಗ್ರವಾದ ನಿಲ್ಲುತ್ತದೆಂದು ನಾನು ಹೇಳಲಾರೆ. ಅನ್ಯಾಯವೂ ಅದಕ್ಕೆ ಗೊಬ್ಬರ. 2009ರ ಗಲಭೆಯನ್ನು ಕಂಡ ಕ್ಯಾತಮಾರನಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2016ರ ಆಗಸ್ಟ್ 1ರಂದು ನಮ್ಮ ನ್ಯಾಯಾಲಯದ ಆವರಣದಲ್ಲಿ ಬಾಂಬ್ ಸ್ಫೋಟಿಸಿತು. 2021ರಲ್ಲಿ ಶಿಕ್ಷೆಯಾದ ಮೂವರೂ ತಮಿಳುನಾಡಿನವರು. ನಮ್ಮೂರಿನವರಲ್ಲ ಎಂದು ನಿಟ್ಟುಸಿರುಬಿಟ್ಟೆವು. ಆ ನಿಟ್ಟುಸಿರು ನನಗೆ ಇಂದಿಗೂ ಹಿಡಿಸಿಲ್ಲ.

ಸರಕಾರಕ್ಕೆ ಕಾಯುವುದೇಕೆ? ನಮ್ಮ ಸಮುದಾಯದ ಆಡಳಿತ ಮಂಡಳಿಗಳು ನಡೆಸುವ ಶಾಲೆಗಳೇ ಮೊದಲಾಗಲಿ. ಎಂಟನೆಯ ತರಗತಿಗೆ ವಾರಕ್ಕೊಂದು ತಾಸು ಮೀಸಲಿಡೋಣ. ಬಸವಣ್ಣನವರ ಕುರಿತು ಬಲ್ಲವರೊಬ್ಬರು, ಚರ್ಚಿನಿಂದೊಬ್ಬರು, ಬೌದ್ಧರೊಬ್ಬರು ಬಂದು ತಮ್ಮ ಧರ್ಮವನ್ನು ತಾವೇ ವಿವರಿಸಲಿ, ಮಕ್ಕಳು ಪ್ರಶ್ನೆ ಕೇಳಲಿ. ನಮ್ಮ ಉಸ್ತಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ಆಲಿಸಲಿ. ಒಪ್ಪುವ ಪೋಷಕರು ಹೊರಡುವ ಮುನ್ನ ಹೆಸರು ಬರೆಸಿ ಹೋಗಬೇಕೆಂದು ವಿನಂತಿ.