ಅರಸನ ಅಡುಗೆಮನೆಯ ಲೆಕ್ಕ



ನಮ್ಮ ಆದವಾನಿಗೆ ಬಹುದೂರವಲ್ಲದ ಎರ್ರಗುಡಿಯ ಬಂಡೆಗಳ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನಗಳಿವೆ. ಅವುಗಳಲ್ಲೊಂದು ಅರಸನ ಅಡುಗೆಮನೆಯ ಲೆಕ್ಕವನ್ನು ಹೇಳುತ್ತದೆ. ಹಿಂದೆ ಅಲ್ಲಿ ಸಾರಿಗಾಗಿ ದಿನವೂ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಶಾಸನವನ್ನು ಬರೆಯಿಸಿದಾಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ನಿತ್ಯವಲ್ಲ, ಮುಂದೆ ಆ ಮೂರನ್ನೂ ಕೊಲ್ಲಲಾಗದು.

ಚಕ್ರವರ್ತಿಯು ಉಳಿದ ಮೂರನ್ನು ಮರೆಮಾಚಲಿಲ್ಲ. ಲಕ್ಷದ ಮುಂದೆ ಮೂರು ಅಲ್ಪವೆಂದು ಸಮಾಧಾನಗೊಳ್ಳಲೂ ಇಲ್ಲ. ಸಾಯುವ ನವಿಲಿಗೆ ಇರುವುದು ಒಂದೇ ಪ್ರಾಣವಷ್ಟೆ! ನೋವು, ಭಯ, ಮರಿಯ ಮೇಲಣ ಮಮತೆ ಪ್ರಾಣಿಗಳಿಗೂ ಉಂಟು. ಜೋಳ, ಬೇಳೆ, ಸೊಪ್ಪುಗಳಿಂದ ಹೊಟ್ಟೆ ತುಂಬಬಲ್ಲ ನಾವು, ಗಳಿಗೆಯ ನಾಲಗೆಯ ರುಚಿಗಾಗಿ ಅವುಗಳ ಸರ್ವಸ್ವವನ್ನೇ ಕಸಿಯುವುದು ನ್ಯಾಯವೆ?

ಆದರೆ ಒಂದು ಮಾತು. ಮಾಂಸ ತಿನ್ನದವರು ತಿನ್ನುವವರನ್ನು ಪಂಕ್ತಿಯಿಂದ ದೂರವಿರಿಸಿದರೆ ಅದು ಕುಲಾಭಿಮಾನವೇ ಹೊರತು ದಯೆಯಲ್ಲ. ಕುರಿಯ ಮೇಲಿರುವ ಕರುಣೆ ಸಹಪಾಠಿಯ ಮೇಲೂ ಇರಬೇಕು. ಪ್ರತಿಯೊಂದು ಮನೆಯೂ ಯಾರ ಒತ್ತಾಯವೂ ಇಲ್ಲದೆ ತನ್ನ ಅಡುಗೆಮನೆಯ ಲೆಕ್ಕವನ್ನು ತಾನೇ ನೋಡಿಕೊಂಡು, ಆ ಅರಸನಂತೆ ಇಳಿಸುತ್ತ ಬರಲೆಂಬುದೇ ನಮ್ಮ ವಿನಂತಿ.