ಮನೆಯವರು ಬೇಡ ಎಂದರೆ ಬೇಡ

ಕಳೆದ ಬೇಸಿಗೆ ರಜೆಯ ಕೊನೆಯಲ್ಲಿ ಮಗಳ ಜೊತೆ ಕೊಡಗಿಗೆ ಹೋಗಿ, ನಾಗರಹೊಳೆ ಕಾಡಿನಂಚಿನ ಕಾಫಿ ತೋಟದ ಹೋಂಸ್ಟೇಯಲ್ಲಿ ಉಳಿದಿದ್ದೆ. ರಾತ್ರಿ ಆಫೀಸ್ ಕಾಲ್‌ಗೆ ಸಿಗ್ನಲ್ ಹುಡುಕುತ್ತ ಗೇಟಿನತ್ತ ಹೊರಟೆ. ಮಗಳೂ ಹಿಂದೆಯೇ ಬಂದಳು. ಮನೆಯೊಡತಿ ತಡೆದರು: “ಹಲಸು ಹಣ್ಣಾಗಿದೆ, ಆನೆ ಬರುತ್ತೆ. ಕತ್ತಲಲ್ಲಿ ಪಕ್ಕದಲ್ಲೇ ನಿಂತಿದ್ರೂ ಗೊತ್ತಾಗಲ್ಲ.” ನನಗೆ ಸಿಟ್ಟೇ ಬಂತು. ಬೆಳಿಗ್ಗೆ ನೋಡಿದರೆ ಗೇಟಿನ ಬಳಿ ತುಳಿದ ಹಲಸು, ಹಸಿ ಲದ್ದಿ. ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಗೆಳತಿಯರೇ, ಬುಕಿಂಗ್ ಮಾಡುವಾಗ ವೈಫೈ, ಊಟ ವಿಚಾರಿಸುತ್ತೇವೆ. ಇವನ್ನೂ ಕೇಳಿ: ಆನೆ ಓಡಾಡುವ ದಾರಿ ಯಾವುದು? ರಾತ್ರಿ ಊಟದ ಮನೆಯಿಂದ ಕೋಣೆಗೆ ಯಾರು ಜೊತೆ ಬರುತ್ತಾರೆ? ಆಸ್ಪತ್ರೆ ಎಷ್ಟು ದೂರ? ಕತ್ತಲಾಗುವ ಮೊದಲೇ ತಲುಪಿ. ಮನೆಯವರು ಬೇಡ ಎಂದರೆ ವಾದ ಬೇಡ.