ಸೀಳನ್ನು ಮುಚ್ಚದ ಬಡಗಿ



ಶಿರಸಿ-ಸಿದ್ದಾಪುರ ಸೀಮೆಯ ನಿಲ್ಕುಂದದಲ್ಲಿ, ಮರದ ಮೇಜು, ಕುರ್ಚಿ, ಮಂಚ, ದೀಪಗಳ ಈ ಪ್ರದರ್ಶನವನ್ನು ಉದ್ಘಾಟಿಸಲು ನನ್ನನ್ನು ಕರೆದಿದ್ದೀರಿ. ಇಂಥ ದಿನ ನಾನು ನೆನೆಯಬೇಕಾದ ಹೆಸರು ಜಾರ್ಜ್ ನಕಾಶಿಮಾ. ಹುಟ್ಟಿದ್ದು 1905ರಲ್ಲಿ, ಅಮೆರಿಕದ ಸ್ಪೋಕೇನ್‌ನಲ್ಲಿ, ತಂದೆ-ತಾಯಿ ಜಪಾನಿನವರು. ಇಪ್ಪತ್ತನೆಯ ಶತಮಾನದ ಆಧುನಿಕ ಪೀಠೋಪಕರಣದ ಮಾತು ಬಂದಲ್ಲೆಲ್ಲ ಅವರ ಹೆಸರು ಬರುತ್ತದೆ. ಆದರೆ ಮೇಜು-ಕುರ್ಚಿಯ ಕೆಲಸಕ್ಕೆ ಅವರು ಮೊದಲು ಕೈ ಹಾಕಿದ್ದು ನಮ್ಮ ನೆಲದಲ್ಲಿ, ಪುದುಚೇರಿಯಲ್ಲಿ.

ಕಲಿತದ್ದು ವಾಸ್ತುಶಿಲ್ಪ. ಟೋಕಿಯೋದಲ್ಲಿ ಆಂಟೋನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿದ್ದಾಗ, ಪುದುಚೇರಿಯ ಶ್ರೀ ಅರವಿಂದಾಶ್ರಮದವರು ಸಾಧಕರಿಗೊಂದು ವಸತಿಗೃಹ ಬೇಕೆಂದರು. ಅದರ ಉಸ್ತುವಾರಿಗೆ ಬಂದವರು ನಕಾಶಿಮಾ. ಹೈದರಾಬಾದಿನ ದಿವಾನ ಸರ್ ಅಕ್ಬರ್ ಹೈದರಿಯವರ ಮೂಲಕ ಹಣ ಬಂದದ್ದರಿಂದ ಕಟ್ಟಡಕ್ಕೆ ‘ಗೋಲ್ಕೊಂಡ’ ಎಂದೇ ಹೆಸರಾಯಿತು. ಕಿಟಕಿಯ ಬದಲು ಗೋಡೆಯುದ್ದಕ್ಕೂ ತೆರೆದು ಮುಚ್ಚುವ ಪಟ್ಟಿಗಳು, ಕೋಣೆಗೆ ಗಾಳಿಯಾಡುವ ತೇಗದ ಜಾರುಬಾಗಿಲು, ಕಾಲಡಿಗೆ ಕಡಪ ಕಲ್ಲು. ಆ ಸೆಕೆಯ ಊರಿನಲ್ಲಿ ಫ್ಯಾನಿಲ್ಲದೆ ಬದುಕಬಹುದಾದ ಮನೆ ಅದು. ಆ ಕೋಣೆಗಳಿಗೆ ಬೇಕಾದ ಸರಳ ಪೀಠೋಪಕರಣಗಳನ್ನೂ ಅವರೇ ರೂಪಿಸಿದರು. ಕೆಲಸ ಮಾಡುತ್ತಲೇ ಸಂಬಳ ಬೇಡವೆಂದು ಆಶ್ರಮ ಸೇರಿಕೊಂಡರು. ಶ್ರೀ ಅರವಿಂದರು ಅವರಿಗೆ ‘ಸುಂದರಾನಂದ’ ಎಂದು ಹೆಸರಿಟ್ಟರು.

1939ರಲ್ಲಿ ಅವರು ಪುದುಚೇರಿಯಿಂದ ಹೊರಟು, ಬಳಿಕ ಅಮೆರಿಕಕ್ಕೆ ಮರಳಿದರು. ಮುಂದೆ ಅಮೆರಿಕ-ಜಪಾನ್ ಯುದ್ಧ. 1942ರಲ್ಲಿ ಅಮೆರಿಕ ಸರ್ಕಾರ ತನ್ನದೇ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿತು. ನಕಾಶಿಮಾ, ಅವರ ಹೆಂಡತಿ, ಆಗಷ್ಟೇ ಹುಟ್ಟಿದ್ದ ಮಗಳು ಮೀರಾ, ಮೂವರೂ ಐಡಾಹೋ ರಾಜ್ಯದ ಮಿನಿಡೋಕಾ ಶಿಬಿರಕ್ಕೆ ಹೋದರು. ಮುಳ್ಳುತಂತಿಯ ಆ ಬೇಲಿಯೊಳಗೆ ಗೆಂಟಾರೊ ಹಿಕೊಗಾವಾ ಎಂಬ ಬಡಗಿ ಸಿಕ್ಕರು. ಜಪಾನಿನಲ್ಲಿ ಸಾಂಪ್ರದಾಯಿಕವಾಗಿ ಕಸುಬು ಕಲಿತವರು. ಕಟ್ಟಡ ಕಟ್ಟಿ ಉಳಿದ ಹಲಗೆ ತುಂಡು, ಮರುಭೂಮಿಯ ಪೊದೆಯ ಕಟ್ಟಿಗೆ, ಇವೇ ಸಾಮಾನು. ದೊಡ್ಡ ವಿಶ್ವವಿದ್ಯಾಲಯದ ಪದವಿ ಹಿಡಿದಿದ್ದ ನಕಾಶಿಮಾ ಈ ಬಡಗಿಯ ಪಕ್ಕ ಕೂತು ಉಳಿ ಹಿಡಿಯುವುದನ್ನು, ಹದಗೊಳಿಸುವುದನ್ನು, ಕೂಡಿಸುವುದನ್ನು ಕಲಿತರು. ಆಚಾರಿಗಳೇ, ಇದನ್ನು ನಿಮ್ಮ ಮುಂದೆ ಒತ್ತಿ ಹೇಳುತ್ತೇನೆ. ನಕಾಶಿಮಾ ಅವರನ್ನು ನಕಾಶಿಮಾ ಮಾಡಿದ್ದು ಹೆಸರು ಮಾಡದ ಒಬ್ಬ ಬಡಗಿಯ ಕೈ.

1943ರಲ್ಲಿ ರೇಮಂಡ್ ಅವರೇ ಜವಾಬ್ದಾರಿ ಹೊತ್ತು ಆ ಕುಟುಂಬವನ್ನು ಬಿಡಿಸಿಕೊಂಡರು. ನಕಾಶಿಮಾ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆಸಿ ಸ್ವಂತ ಕಾರ್ಯಾಗಾರ ಕಟ್ಟಿದರು. ಬೇರೆ ವಿನ್ಯಾಸಕಾರರು ಉಕ್ಕಿನ ಕೊಳವೆ, ಬಗ್ಗಿಸಿದ ಪ್ಲೈವುಡ್ ಹಿಡಿದು ಹೊರಟಿದ್ದ ಕಾಲ ಅದು. ಇವರು ದಿಮ್ಮಿಯ ಮುಂದೆ ನಿಂತರು. ಕೊಯ್ಯುವಾಗ ತಾವೇ ಗರಗಸದ ಬಳಿ ಇದ್ದು ಎಷ್ಟು ದಪ್ಪ, ಯಾವ ದಿಕ್ಕು ಎಂದು ಹೇಳುತ್ತಿದ್ದರು. ಒಂದೇ ಮರದ ಹಲಗೆಗಳನ್ನು ಕ್ರಮ ತಪ್ಪದಂತೆ ಪೇರಿಸಿ ವರ್ಷಗಟ್ಟಲೆ ಒಣಗಿಸುತ್ತಿದ್ದರು. ಹಲಗೆಯ ಅಂಚನ್ನು ಚೌಕ ಹೊಡೆಯುತ್ತಿರಲಿಲ್ಲ. ಮರ ಬೆಳೆದ ಓರೆಕೋರೆ ಹಾಗೇ ಮೇಜಿನ ಅಂಚಾಗುತ್ತಿತ್ತು.

ನಡುವೆ ಸೀಳು ಬಿಟ್ಟರೆ? ನಮ್ಮಲ್ಲಾದರೆ ಮರದ ಹುಡಿ, ಅಂಟು ತುಂಬಿ, ಪಾಲಿಶ್ ಹೊಡೆದು ಮರೆಸುತ್ತೇವೆ, ಇಲ್ಲವೇ ಒಲೆಗೆ. ಅವರು ಸೀಳಿಗೆ ಅಡ್ಡಲಾಗಿ, ನಡು ಸಪೂರ, ಎರಡು ತುದಿ ಅಗಲ ಇರುವ ಚಿಟ್ಟೆಯಾಕಾರದ ಬೆಣೆಯನ್ನು ಕೂರಿಸಿದರು. ಹಲಗೆ ಇನ್ನಷ್ಟು ಬಾಯಿ ಬಿಡಲು ನೋಡಿದರೆ ಬೆಣೆಯ ಅಗಲ ತುದಿಗಳೇ ಅದನ್ನು ಹಿಡಿದು ನಿಲ್ಲಿಸುತ್ತವೆ. ಕಣ್ಣಿಗೆ ಕಾಣುವ ಹಾಗೆ, ಹಲವು ಸಲ ಬೇರೆ ಬಣ್ಣದ ಮರದಲ್ಲಿ ಮಾಡುತ್ತಿದ್ದರು. ಅನೇಕ ಮೇಜುಗಳಲ್ಲಿ ಆ ಬೆಣೆ ‘ಈಸ್ಟ್ ಇಂಡಿಯನ್ ರೋಸ್‌ವುಡ್’ನದು. ಎಂದರೆ ನಮ್ಮ ಬೀಟೆ. ಈ ಘಟ್ಟದ ಕಾಡಿನ ಜಾತಿಯ ಮರ ನ್ಯೂಯಾರ್ಕಿನ ಊಟದ ಮೇಜುಗಳನ್ನು ಸೀಳದಂತೆ ಹಿಡಿದಿದೆ.

ಅವರ ದೀಪಗಳೂ ಹೀಗೆಯೇ: ಮರದ ಕಾಲು, ಅದರ ಮೇಲೆ ಬೆಳಕನ್ನು ಮೆತ್ತಗೆ ಸೋಸುವ ಕಾಗದದಂಥ ಬಿಳಿ ಹೊದಿಕೆ. ಎರಡೇ ಕಾಲಿನ ಮೇಲೆ ನಿಲ್ಲುವ ಕೊನಾಯ್ಡ್ ಕುರ್ಚಿ 1960ರದು. ನಾಲ್ಕು ವರ್ಷದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಅಲ್ಲಿಯೂ ಪೀಠೋಪಕರಣ ವಿನ್ಯಾಸ ಮಾಡಿಕೊಟ್ಟರು. ಕೊನೆಗಾಲದಲ್ಲಿ ದೈತ್ಯ ವಾಲ್‌ನಟ್ ಮರದ ಶಾಂತಿಯ ಮೇಜುಗಳ ಕನಸು ಕಂಡು, ಮೊದಲನೆಯದನ್ನು 1986ರಲ್ಲಿ ನ್ಯೂಯಾರ್ಕಿನ ದೊಡ್ಡ ಚರ್ಚಿಗೆ ಕೊಟ್ಟರು. 1990ರಲ್ಲಿ ತೀರಿಕೊಂಡರು. ಶಿಬಿರಕ್ಕೆ ಕೂಸಾಗಿ ಹೋಗಿದ್ದ ಮೀರಾ ಕಾರ್ಯಾಗಾರ ಮುಂದುವರಿಸಿದರು. ಅವರ ಕಾಲದಲ್ಲಿ ಇನ್ನೊಂದು ಶಾಂತಿಯ ಮೇಜು ಪುದುಚೇರಿ ಪಕ್ಕದ ಆರೋವಿಲ್‌ಗೆ ಬಂತು.

ಇಷ್ಟನ್ನು ನಿಲ್ಕುಂದದಲ್ಲಿ ಯಾಕೆ ಹೇಳಿದೆನೆಂದರೆ, ನಮ್ಮ ಸೀಮೆಯ ಹಳೇ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಕಂಬ, ತೊಲೆ, ನಾಗಂದಿಗೆ, ಬಾಗಿಲವಾಡ ಎಲ್ಲ ಲಾರಿ ಹತ್ತಿ ಹೋಗುತ್ತಿವೆ. ಆ ದುಡ್ಡಿನಲ್ಲಿ ಪೇಟೆಯಿಂದ ಲ್ಯಾಮಿನೇಟ್ ಹಚ್ಚಿದ ಕಪಾಟು ಬರುತ್ತದೆ, ಎರಡು ಮಳೆಗಾಲಕ್ಕೆ ಉಬ್ಬುತ್ತದೆ. ನನಗೆ ಇದು ನಿಜವಾಗಿ ಸಂಕಟದ ವಿಷಯ. ತಲೆಮಾರುಗಳ ಕಾಲ ಒಣಗಿ ಹದವಾದ ಹಲಸು, ಮತ್ತಿ, ಹೊನ್ನೆಯ ನಾಟಾ ಬೇರೆಲ್ಲಿ ಸಿಕ್ಕೀತು? ಮನೆ ಇಳಿಸಲೇಬೇಕಾದರೆ ಇಳಿಸಿ. ಲಾರಿಯವನಿಗೆ ಫೋನು ಮಾಡುವ ಮೊದಲು ಊರಿನ ಆಚಾರಿಯನ್ನು ಕರೆದು ತೊಲೆ ತೋರಿಸಿ. ಬೀಟೆಯ ತುಂಡು ಮೊಳದಷ್ಟೇ ಉಳಿದಿದ್ದರೂ ಎಸೆಯಬೇಡಿ. ಒಂದು ಮೇಜಿನ ಬೆಣೆಗಳಿಗೆ ಅಷ್ಟು ಸಾಕು.

ಆಚಾರಿಗಳಲ್ಲಿ ಒಂದು ಕೋರಿಕೆ. ಗಿರಾಕಿಯ ಹೆಸರನ್ನು ನಕಾಶಿಮಾ ಹಲಗೆಯ ಅಡಿಭಾಗದಲ್ಲಿ ಬರೆಯುತ್ತಿದ್ದರು. ನೀವು ನಿಮ್ಮ ಹೆಸರು, ಊರು, ಮರದ ಜಾತಿ, ಅದು ಯಾರ ಮನೆಯ ತೊಲೆಯಾಗಿತ್ತು ಎಂಬುದನ್ನೂ ಬರೆಯಿರಿ. ಕೊಳ್ಳಲು ಬಂದವರು ಬೆಲೆ ಕೇಳುವ ಮೊದಲು ಅದನ್ನು ಓದಲಿ. ಪ್ರದರ್ಶನ ತೆರೆದಿದೆ, ಒಳಗೆ ಬನ್ನಿ.